ಎಡಗಿವಿಯ ಭಾನುವಾರಗಳು

ಕಳೆದ ತಿಂಗಳು ಬಸವೇಶ್ವರನಗರದಲ್ಲಿರುವ ಅಣ್ಣನ ಮಗಳ ಮನೆಗೆ ಹೋಗಿದ್ದೆ. ಅವಳ ಗಂಡ ಹೊಸದಾಗಿ ರೆಕಾರ್ಡ್ ಪ್ಲೇಯರ್ ಕೊಂಡಿದ್ದ. ಹಳೇ ಸಾಮಾನಿನ ಅಂಗಡಿಯಲ್ಲಿ ಆರಿಸಿ ತಂದ ನಾಲ್ಕಾರು ರೆಕಾರ್ಡುಗಳನ್ನು ಹೆಮ್ಮೆಯಿಂದ ನನ್ನ ಮುಂದೆ ಹರಡಿದ. ಒಂದರ ಕವರಿನ ಬಾಯಿ ಬಿಡಿಸಿದಾಗ ಆ ವಾಸನೆ ಬಂತು. ತೇವ ಹೀರಿ ಒಣಗಿದ ರಟ್ಟಿನ ವಾಸನೆ, ಅದರೊಳಗೆ ಸ್ವಲ್ಪ ನುಸಿಗುಳಿಗೆ. "ನಿಮ್ಮ ಕಾಲದ್ದು ಅಲ್ವಾ ಅತ್ತೆ?" ಅಂದ. ಹೌದು ಅಂದೆ. ಅವನು ಮುಳ್ಳು ಇಳಿಸುವಷ್ಟರಲ್ಲಿ ನನ್ನ ಕಣ್ಣು ಆಂಪ್ಲಿಫೈಯರಿನ ಮೇಲೆ ಬ್ಯಾಲೆನ್ಸ್ ನಾಬನ್ನು ಹುಡುಕುತ್ತಿತ್ತು. ಅದು ಸರಿಯಾಗಿ ನಡುವಿನಲ್ಲಿತ್ತು. ಆಮೇಲಷ್ಟೇ ಸೋಫಾಕ್ಕೆ ಒರಗಿ ಕೂತೆ. ಇಷ್ಟು ವರ್ಷಗಳಾದ ಮೇಲೂ ಹೀಗೆ.

ಅದು ಎಂಬತ್ತೈದನೇ ಇಸವಿ. ನನಗಾಗ ಇಪ್ಪತ್ತನಾಲ್ಕು. ಗೋವಿಂದರಾಜನಗರದ ಒಂದು ವಠಾರದಲ್ಲಿ ಅಮ್ಮ, ಅಣ್ಣ, ನಾನು ಬಾಡಿಗೆಗಿದ್ದೆವು. ನಾನು ಟ್ರಂಕ್ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಒಂದು ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ದಿನವಿಡೀ ಊರೂರಿಗೆ ಕರೆ ಜೋಡಿಸುವ ಕೆಲಸ. ಕಂಡವರ ಸಾವಿನ ಸುದ್ದಿ, ಮದುವೆ ಮಾತುಕತೆ, ಜಗಳ, ಅಳು ಎಲ್ಲವೂ ಆ ಒಂದು ಕಿವಿಯಲ್ಲೇ ಹಾದು ಹೋಗುತ್ತಿದ್ದವು. ಮನೆಗೆ ಬಂದರೆ ಅಮ್ಮನ ಬಾಯಲ್ಲಿ ಗಂಡಿನ ಜಾತಕ ಬಿಟ್ಟರೆ ಬೇರೆ ಮಾತಿರಲಿಲ್ಲ.

ಯುಗಾದಿ ಕಳೆದ ಮೇಲೆ ನಮ್ಮ ಬೀದಿಯಲ್ಲೇ ಒಂದು ಮದುವೆಯಾಯಿತು. ಮೆರವಣಿಗೆಯ ಮುಂದೆ ಬ್ಯಾಂಡ್‌ಸೆಟ್ಟು. ಆಗಿನ ಸಿನಿಮಾ ಹಾಡುಗಳನ್ನೇ ಬಾರಿಸುತ್ತಿದ್ದರು. ನಡುವೆ ಕ್ಲಾರಿನೆಟ್‌ನವನೊಬ್ಬ ಇದ್ದಕ್ಕಿದ್ದಂತೆ ಹಾಡಿನ ದಾರಿ ಬಿಟ್ಟು ಎತ್ತಲೋ ಜಾರಿದ. ತಪ್ಪಿದನೇನೋ ಅಂದುಕೊಳ್ಳುವಷ್ಟರಲ್ಲಿ ಮೂರು ಸುತ್ತು ಸುತ್ತಿ, ಇನ್ನೇನು ಬಿದ್ದ ಎನ್ನುವಾಗ ಸರಿಯಾಗಿ ತಾಳದ ಮೇಲೆ ಬಂದು ನಿಂತ. ನನಗೆ ಮೈ ಜುಮ್ಮೆಂದಿತು. ಊಟದ ಹೊತ್ತಿನಲ್ಲಿ ಹುಡುಕಿಕೊಂಡು ಹೋಗಿ ಅದೇನು ಎಂದು ಕೇಳಿದೆ. ನಲವತ್ತರ ಆಸುಪಾಸಿನ ಆಳು, ಕೆಂಪು ಕೋಟಿನ ಗುಂಡಿ ಬಿಚ್ಚಿ ಬೆವರು ಒರೆಸಿಕೊಳ್ಳುತ್ತಿದ್ದ.

"ಅದು ಜಾಜು ಮ್ಯೂಜಿಕ್ಕು ಸಿಸ್ಟರ್. ಯಾರೂ ಗಮನಿಸಲ್ಲ ಅಂತ ಮಧ್ಯ ಸೇರಿಸ್ಬಿಡ್ತೀನಿ," ಎಂದು ನಕ್ಕ. "ರಾಜಾಜಿನಗರದಾಗೆ ಪುಟ್ಟಸ್ವಾಮಿ ಸಾರ್ ಅಂತ ಇದಾರೆ. ಭಾನ್ವಾರ ಭಾನ್ವಾರ ಅವ್ರ ಮನೇಲಿ ರೆಕಾರ್ಡ್ ಕೇಳ್ತೀವಿ. ನೀವೂ ಬನ್ನಿ."

ಅವನೇ ಅಂತೋಣಿ. ಬಿನ್ನಿಪೇಟೆಯವನು. ವಾರವಿಡೀ ಬಟ್ಟೆ ಗಿರಣಿಯಲ್ಲಿ ಕೆಲಸ, ಲಗ್ನದ ದಿನಗಳಲ್ಲಿ ಬ್ಯಾಂಡು.

ಮೊದಲ ಭಾನುವಾರ ಅಮ್ಮ ನನ್ನ ಜೊತೆಗೇ ಬಂದಳು. ಹೆಣ್ಣುಮಗಳು ಗುರುತಿಲ್ಲದ ಮನೆಗೆ ಒಬ್ಬಳೇ ಹೋಗುವುದೆಂದರೇನು? ರಾಜಾಜಿನಗರದ ಐದನೇ ಬ್ಲಾಕಿನಲ್ಲಿ ಮುಂದೆ ಸಂಪಿಗೆ ಗಿಡವಿದ್ದ ಚಿಕ್ಕ ಮನೆ. ಪುಟ್ಟಸ್ವಾಮಿಯವರು ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಫೋರ್‌ಮನ್. ವಯಸ್ಸು ಐವತ್ತು ದಾಟಿತ್ತು. ಚನ್ನಪಟ್ಟಣದ ಕಡೆಯ ರೈತರ ಮನೆಯಿಂದ ಬಂದವರು. ಹದಿನೈದು ವರ್ಷದ ಹಿಂದೆ ಕಾರ್ಖಾನೆಯವರು ತರಬೇತಿಗೆಂದು ಅವರನ್ನು ಒಂದು ವರ್ಷ ಜರ್ಮನಿಗೆ ಕಳಿಸಿದ್ದರಂತೆ. ಭಾಷೆ ಬಾರದ ಊರಿನಲ್ಲಿ ಸಂಜೆ ಹೊತ್ತು ಹೋಗದೆ ಒಂದು ನೆಲಮಾಳಿಗೆಯ ಹೋಟೆಲಿಗೆ ಹೋದಾಗ ಕಿವಿಗೆ ಬಿದ್ದದ್ದು ಈ ಸಂಗೀತ. ಬರುವಾಗ ಜೊತೆಗೆ ಹೋದವರೆಲ್ಲ ಕ್ಯಾಮೆರಾ, ಗಡಿಯಾರ ತಂದರೆ ಇವರು ಮೂವತ್ತೆರಡು ರೆಕಾರ್ಡು ತಂದಿದ್ದರು. ಅವರ ಹೆಂಡತಿ ಜಯಮ್ಮನವರು ಅಮ್ಮನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಕೋಡುಬಳೆ ಕೊಟ್ಟು ಮಾತಿಗೆ ಕೂರಿಸಿಕೊಂಡರು. ಹಿಂದಿರುಗುವಾಗ ಅಮ್ಮ, "ಆಯಮ್ಮ ಬಂಗಾರದಂಥೋರು. ಆ ಪೀಪಿ ಸದ್ದು ಮಾತ್ರ ನಂಗಾಗಲ್ಲ. ನೀನು ಬೇಕಾದ್ರೆ ಹೋಗು," ಎಂದಳು. ಆ ವರ್ಷ ನನಗೆ ಸಿಕ್ಕ ದೊಡ್ಡ ವರ ಅದು.

ನಾವು ನಾಲ್ಕೇ ಜನ. ಪುಟ್ಟಸ್ವಾಮಿ ಸಾರ್, ಅಂತೋಣಿ ಅಣ್ಣ, ನಾನು, ಇನ್ನೊಬ್ಬ ವಿಜಯನಗರದ ಗೋಪಿನಾಥ. ಗೋಪಿ ಬ್ಯಾಂಕಿನಲ್ಲಿ ಗುಮಾಸ್ತ, ನನಗಿಂತ ಎರಡು ವರ್ಷ ದೊಡ್ಡವನು. ಇಂಗ್ಲಿಷ್ ಪತ್ರಿಕೆಗಳಲ್ಲಿ ಜಾಜ್ ಬಗ್ಗೆ ಏನು ಬಂದರೂ ಕತ್ತರಿಸಿ ಅಂಟಿಸಿಕೊಳ್ಳುತ್ತಿದ್ದ. ಯಾವ ರೆಕಾರ್ಡು ಯಾವ ವರ್ಷದ್ದು, ಡ್ರಮ್ಸ್ ಯಾರದು, ಎಲ್ಲ ಅವನ ನಾಲಿಗೆ ತುದಿಯಲ್ಲಿ. ಅಂತೋಣಿ ಅಣ್ಣನಿಗೆ ಇಂಗ್ಲಿಷ್ ಓದಲು ಬಾರದು. ಹಾಗಾಗಿ ನಾವು ರೆಕಾರ್ಡುಗಳನ್ನು ಕವರಿನಿಂದಲೇ ಕರೆಯುತ್ತಿದ್ದೆವು. ಹಸಿರು ಕವರು, ಏಣಿ ಕವರು, ಹೊಗೆ ಕವರು, ಟೋಪಿ ಕವರು. ನಿಯಮ ಒಂದೇ. ಕೇಳುವಾಗ ಮಾತಿಲ್ಲ, ಆಮೇಲೆ ಎಷ್ಟು ಬೇಕಾದರೂ ಜಗಳ.

ಜಗಳವೂ ಚೆನ್ನಾಗಿರುತ್ತಿತ್ತು. ಒಮ್ಮೆ ಏಣಿ ಕವರು ಮುಗಿದ ಮೇಲೆ ಗೋಪಿ, "ಪಿಯಾನೋದವನು ಒಂದ್ಕಡೆ ಲೇಟ್ ಆಗ್ಬಿಟ್ಟ ಸಾರ್. ಪತ್ರಿಕೇಲಿ ಬರೆದಿದಾರೆ ಕೂಡ," ಎಂದ.

"ಲೇಟಲ್ಲಪ್ಪ," ಎಂದ ಅಂತೋಣಿ ಅಣ್ಣ. "ಕಾಯ್ತಾವ್ನೆ. ಡ್ರಮ್ಮೋನು ಮೊದ್ಲು ಕಾಲಿಡ್ಲಿ ಅಂತ ಕಾಯ್ತಾವ್ನೆ. ಬರೆದೋನು ಯಾವತ್ತಾದ್ರೂ ಮೆರವಣಿಗೇಲಿ ಊದವ್ನಾ?"

ಪುಟ್ಟಸ್ವಾಮಿ ಸಾರ್ ಬಿದ್ದು ಬಿದ್ದು ನಕ್ಕು ಮುಳ್ಳನ್ನು ಮತ್ತೆ ಅದೇ ಜಾಗಕ್ಕೆ ಇಟ್ಟರು. ಮೂರು ಸಲ ಕೇಳಿದೆವು. ಮೂರನೇ ಸಲಕ್ಕೆ ಆ ಕಾಯುವಿಕೆ ನನಗೂ ಕೇಳಿಸಿತು. ಬೇರೆಯವರ ಮಾತಿನಿಂದ ನನ್ನ ಕಿವಿ ತೆರೆದುಕೊಳ್ಳಬಹುದು ಎಂದು ನಾನು ಕಲಿತದ್ದು ಆ ನಡುಮನೆಯಲ್ಲಿ, ನೆಲದ ಮೇಲೆ ಹಾಸಿದ ಜಮಖಾನೆಯ ಮೇಲೆ ಕೂತು.

ಆ ವರ್ಷ ಮಳೆ ಸರಿಯಾಗಿ ಬರಲಿಲ್ಲ. ಜೂನ್ ಕಳೆದರೂ ಆಕಾಶ ಬೂದಿಬಣ್ಣಕ್ಕೆ ನಿಂತಿರುತ್ತಿತ್ತು, ಸುರಿಯುತ್ತಿರಲಿಲ್ಲ. ಕರೆಂಟು ಹೊತ್ತುಗೊತ್ತಿಲ್ಲದೆ ಹೋಗುತ್ತಿತ್ತು. ರೆಕಾರ್ಡು ತಿರುಗುತ್ತಿರುವಾಗಲೇ ಹೋದರೆ ಹಾಡು ತಕ್ಷಣ ನಿಲ್ಲುವುದಿಲ್ಲ. ನಿಧಾನವಾಗಿ ಎಳೆದುಕೊಂಡು, ಕೆಳಗಿಳಿದು, ಯಾರೋ ಗಂಟಲಲ್ಲಿ ಗೊರಗುಟ್ಟಿದಂತಾಗಿ ಸಾಯುತ್ತದೆ. ಎಷ್ಟು ಸಲ ಕೇಳಿದರೂ ಆ ಸದ್ದು ನನಗೆ ಅಭ್ಯಾಸವಾಗಲಿಲ್ಲ.

ಆ ದಿನಗಳಲ್ಲೇ ನಾನು ನಾಬನ್ನು ಗಮನಿಸಿದೆ. ಸ್ಟೀರಿಯೋದಲ್ಲಿ ಎಡಕ್ಕೊಂದು ಬಲಕ್ಕೊಂದು ಸ್ಪೀಕರು. ಎರಡರ ಸದ್ದೂ ಸಮನಾಗಿರಲಿ ಎಂದು ಬ್ಯಾಲೆನ್ಸ್ ನಾಬು ನಡುವಿನಲ್ಲಿರಬೇಕು. ಪುಟ್ಟಸ್ವಾಮಿ ಸಾರ್ ಅದನ್ನು ಕೂದಲೆಳೆಯಷ್ಟು ಎಡಕ್ಕೆ ತಿರುಗಿಸಿಟ್ಟಿದ್ದರು. ಮುಂದಿನ ವಾರ ಇನ್ನೊಂದು ಗೆರೆ. ಅದರ ಮುಂದಿನ ವಾರ ಇನ್ನೊಂದು. ಎಡಗಡೆ ಕೂರುತ್ತಿದ್ದ ನನಗೆ ಆ ಸ್ಪೀಕರು ಕಿವಿಗೆ ಬಡಿಯುವಂತಾಗಿ ಜಾಗ ಬದಲಿಸಿದೆ. ಅವರು ಮಾತ್ರ ಎಡ ಅಂಗೈಯನ್ನು ಕಿವಿಗೆ ಮರೆ ಮಾಡಿ, "ಎಡಗಡೇದು ಡಲ್ ಹೊಡೀತಾ ಇದೆ. ಸ್ಪೀಕರ್ ಬಿಚ್ಚಿ ನೋಡ್ಬೇಕು," ಎನ್ನುತ್ತಿದ್ದರು. ಬಿಚ್ಚಿದರು ಕೂಡ. ಏನೂ ಕೆಟ್ಟಿರಲಿಲ್ಲ.

ಇನ್ನೊಂದು ದಿನ ಹಾಡಿನ ನಡುವೆ ಕೈ ಎತ್ತಿ ನಿಲ್ಲಿಸಿದರು. ಅದು ಅವರದೇ ನಿಯಮಕ್ಕೆ ವಿರುದ್ಧ.

"ಈ ಗುಂಯ್ ಅನ್ನೋದು ಎಲ್ಲಿಂದ ಬರ್ತಾ ಇದೆ? ಟ್ರಾನ್ಸ್‌ಫಾರ್ಮರ್ ಥರ?"

ನಾವು ಮೂವರೂ ಕಿವಿಗೊಟ್ಟೆವು. ಏನೂ ಇರಲಿಲ್ಲ. ಗೋಪಿ ಎದ್ದು ಪ್ಲಗ್ ಕಿತ್ತ. "ಈಗ?"

ಮನೆ ಪೂರ್ತಿ ಸದ್ದಿಲ್ಲದೆ ನಿಂತಿತ್ತು. ಹಿತ್ತಲಲ್ಲಿ ಜಯಮ್ಮನವರು ಬಟ್ಟೆ ಒಗೆಯುವುದು ಬಿಟ್ಟರೆ ಬೇರೆ ಶಬ್ದವಿಲ್ಲ. ಪುಟ್ಟಸ್ವಾಮಿ ಸಾರ್ ತಲೆ ಒಂದು ಕಡೆ ವಾಲಿಸಿ, "ಹ್ಞೂಂ, ಹೋಯ್ತು," ಎಂದರು. ಹೋಗಿರಲಿಲ್ಲ ಎಂದು ಅವರ ಮುಖ ನೋಡಿದ ನನಗೆ ಗೊತ್ತಾಯಿತು.

ಗೋಪಿಯ ಪ್ರಕರಣ ನಡೆದದ್ದು ಆಷಾಢದಲ್ಲಿ. ಹಸಿರು ಕವರಿನ ರೆಕಾರ್ಡು ಸಾರ್ ಅವರಿಗೆ ಪ್ರಾಣ. ಅದರಲ್ಲಿ ಸ್ಯಾಕ್ಸೊಫೋನು ಪೂರ್ತಿ ಎಡ ಸ್ಪೀಕರಿನಲ್ಲಿ, ಡ್ರಮ್ಸು ಬಲದಲ್ಲಿ. ಗೋಪಿ ಕ್ಯಾಸೆಟ್ಟಿಗೆ ಇಳಿಸಿಕೊಳ್ಳಲು ಅದನ್ನು ಒಂದು ವಾರ ಮನೆಗೆ ಒಯ್ದಿದ್ದ. ಹಿಂದಕ್ಕೆ ತಂದ ಭಾನುವಾರ ಸಾರ್ ಅದನ್ನೇ ಹಾಕಿದರು. ಅರ್ಧ ನಿಮಿಷದಲ್ಲಿ ಅವರ ಹುಬ್ಬು ಗಂಟಿಕ್ಕಿತು. ಎದ್ದು ವಾಲ್ಯೂಮ್ ಏರಿಸಿದರು. ಮತ್ತೆ ಏರಿಸಿದರು. ಆಮೇಲೆ ಮುಳ್ಳೆತ್ತಿದರು.

"ಸ್ಯಾಕ್ಸೊಫೋನ್ ಎಲ್ಲೋ?"

"ಇದೆಯಲ್ಲ ಸಾರ್," ಎಂದ ಗೋಪಿ.

"ಏನಿದೆ? ಪಕ್ಕದ್ಮನೇಲಿ ಊದ್ದಂಗೆ ಕೇಳ್ತಿದೆ. ಎಂಥಾ ಮುಳ್ಳು ಹಾಕಿದ್ದೆ ನೀನು? ರೆಕಾರ್ಡಿನ ಗೆರೆನೆಲ್ಲ ತಿಂದ್ಹಾಕಿದೀಯಾ."

"ಸಾರ್, ನಾನು ಒಂದೇ ಒಂದ್ಸಲ..."

"ಹದಿನೈದು ವರ್ಷದಿಂದ ಮಗೂ ಥರ ಇಟ್ಕೊಂಡಿದ್ದೆ ಕಣೋ. ನಿಂಗೆ ಕೊಟ್ಟೆನಲ್ಲ, ನಂದು ತಪ್ಪು."

ಗೋಪಿಯ ಕಿವಿ ಕೆಂಪಾಯಿತು. ಅವನು ಅಂತೋಣಿ ಅಣ್ಣನ ಕಡೆ ನೋಡಿದ, ನನ್ನ ಕಡೆ ನೋಡಿದ. ಸ್ಯಾಕ್ಸೊಫೋನು ಮುಂಚಿನಷ್ಟೇ ಚೆನ್ನಾಗಿತ್ತು, ಎದೆಗೆ ಬಂದು ತಾಗುವ ಹಾಗಿತ್ತು. ನನಗೆ ಅದು ಸ್ಪಷ್ಟವಾಗಿ ಕೇಳಿಸಿತ್ತು. ಅಂತೋಣಿ ಅಣ್ಣ ಬಾಗಿಲ ಹತ್ತಿರ, ಬಲ ಸ್ಪೀಕರಿನ ಪಕ್ಕ ಕೂತಿದ್ದ. ಅವನಿಗೆ ಡ್ರಮ್ಸೇ ಜೋರು, ಖಚಿತವಾಗಿ ಏನೂ ಹೇಳುವಂತಿರಲಿಲ್ಲ. ಹೇಳಬಹುದಾಗಿದ್ದವಳು ನಾನೊಬ್ಬಳೇ. ತಲೆ ತಗ್ಗಿಸಿ ಜಮಖಾನೆಯ ದಾರ ಕೀಳುತ್ತಾ ಕೂತೆ. ಹಿರಿಯರು, ಅವರ ಮನೆ, ಅವರ ರೆಕಾರ್ಡು. ಎದುರು ಮಾತಾಡಿದರೆ ಈ ಭಾನುವಾರವೂ ನನ್ನ ಕೈ ತಪ್ಪಿ ಹೋದೀತೆಂಬ ಭಯ. ಗೋಪಿ ಚಪ್ಪಲಿ ಹಾಕಿಕೊಂಡು ಹೋದ. ಮತ್ತೆ ಬರಲಿಲ್ಲ.

ಎರಡು ವಾರದ ನಂತರ ನಾನು ಸ್ವಲ್ಪ ಬೇಗ ಹೋಗಿದ್ದೆ. ಜಯಮ್ಮನವರು ಅಂಗಡಿಗೆ ಹೋಗಿದ್ದರು. ಮುಂಬಾಗಿಲು ತೆರೆದೇ ಇತ್ತು. "ಸಾರ್," ಎಂದು ಕರೆಯುತ್ತಾ ಹಿತ್ತಲ ಬಾಗಿಲ ತನಕ ಹೋದೆ. ಅವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎಡಮಗ್ಗುಲನ್ನು ನನ್ನ ಕಡೆ ಮಾಡಿ ಕೂತಿದ್ದರು. ನನ್ನ ಕರೆ ಅವರಿಗೆ ಕೇಳಿಸಲೇ ಇಲ್ಲ. ಕೈಗಡಿಯಾರ ಬಿಚ್ಚಿ ಬಲಗಿವಿಗೆ ಹಿಡಿದರು. ಆಮೇಲೆ ಎಡಗಿವಿಗೆ. ಮತ್ತೆ ಬಲಕ್ಕೆ. ಮತ್ತೆ ಎಡಕ್ಕೆ, ಈ ಸಲ ಕಿವಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದರು. ಕಣ್ಣು ತೆರೆದಾಗ ನಾನು ನಿಂತಿದ್ದೆ.

"ಎಷ್ಟೊತ್ತಾಯ್ತಮ್ಮ ಬಂದು?"

"ಕರೆದೆ ಸಾರ್. ಎರಡ್ಸಲ."

ಅವರು ಗಡಿಯಾರ ಕಟ್ಟಿಕೊಂಡರು. ಪಟ್ಟಿಯ ತೂತಿಗೆ ಕೊಂಡಿ ಸಿಗದೆ ತುಂಬ ಹೊತ್ತು ತಡಕಾಡಿದರು.

"ಕಾರ್ಖಾನೆ ಕಿವಿ ಸರೋಜಾ. ಮೂವತ್ತು ವರ್ಷ ಮಿಷಿನ್ ಪಕ್ಕ ನಿಂತೋರಿಗೆಲ್ಲ ಬರುತ್ತೆ. ಇದೇನು ದೊಡ್ಡ ವಿಷ್ಯ ಅಲ್ಲ."

"ಡಾಕ್ಟರಿಗೆ ತೋರಿಸ್ಬೇಕಲ್ವಾ ಸಾರ್?"

"ತೋರಿಸಿದ್ರೆ ಕಾರ್ಖಾನೆಗೆ ಗೊತ್ತಾಗುತ್ತೆ. ಟೂಲ್ ರೂಮಲ್ಲಿ ಕಿವಿ ಇಲ್ದೋನು ಏನ್ಮಾಡ್ತಾನೆ? ಮಿಷಿನ್ ಸದ್ದು ಕೇಳೇ ನಾನು ತಪ್ಪು ಹಿಡಿಯೋದು. ಸ್ಟೋರಿಗೆ ಹಾಕಿ ಕೂರಿಸ್ತಾರೆ." ಒಳಬಾಗಿಲ ಕಡೆ ನೋಡಿ ಹೇಳಿದರು: "ಜಯಂಗೆ ಹೇಳ್ಬೇಡಮ್ಮ. ಅವಳು ಹೆದರ್ಕೋತಾಳೆ. ಯಾರ್ಗೂ ಹೇಳ್ಬೇಡ."

ಆಯ್ತು ಸಾರ್ ಎಂದೆ. ಹೇಳುವಾಗಲೇ ಅದು ಬರೀ ಕಾರ್ಖಾನೆ ಕಿವಿಯಲ್ಲ ಎಂಬ ಅನುಮಾನ ನನಗಿತ್ತು. ಏಕೆಂದರೆ ಎಕ್ಸ್‌ಚೇಂಜಿನಲ್ಲಿ ವರ್ಷಕ್ಕೊಮ್ಮೆ ನಮ್ಮ ಕಿವಿ ಪರೀಕ್ಷೆಗೆ ಬರುತ್ತಿದ್ದ ಡಾಕ್ಟರು ಪ್ರತಿಸಲವೂ ಒಂದೇ ಮಾತು ಹೇಳುತ್ತಿದ್ದರು: ಸದ್ದಿನಿಂದ ಕಿವಿ ಮಂದವಾದರೆ ಸಾಮಾನ್ಯವಾಗಿ ಎರಡೂ ಒಟ್ಟಿಗೆ ಮಂದವಾಗುತ್ತವೆ, ಒಂದೇ ಕಿವಿ ಹೋಗುತ್ತಿದ್ದರೆ, ಅದರೊಳಗೆ ಸದ್ದು ಕೇಳುತ್ತಿದ್ದರೆ, ಅದು ತಲೆಯೊಳಗಿನ ತೊಂದರೆಯಿರಬಹುದು, ಒಂದು ದಿನವೂ ತಡ ಮಾಡಬೇಡಿ. ಈ ಮಾತು ನನಗೆ ಬಾಯಿಪಾಠವಾಗಿತ್ತು. ಅದನ್ನು ಅವರಿಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಈಗಲೂ ನನ್ನನ್ನು ನಾನು ಕೇಳಿಕೊಳ್ಳುತ್ತೇನೆ. ಅಂಥ ದೊಡ್ಡ ಮನುಷ್ಯ ನನ್ನೊಬ್ಬಳನ್ನು ನಂಬಿ ಗುಟ್ಟು ಹೇಳಿದರೆಂಬ ಹೆಮ್ಮೆಯೂ ಅದರಲ್ಲಿ ಸೇರಿತ್ತು. ಆ ದಿನದಿಂದ ಮೊದಲ ರೆಕಾರ್ಡು ಯಾವುದು ಎಂದು ಆರಿಸುವ ಹಕ್ಕನ್ನು ಅವರು ನನಗೇ ಕೊಟ್ಟರು. ನಾನು ತೆಗೆದುಕೊಂಡೆ.

ಆಮೇಲಿನ ವಾರಗಳು ಒಂದೊಂದೂ ಒಂದೊಂದು ಗುರುತು ಬಿಟ್ಟು ಹೋದವು. ಒಂದು ಭಾನುವಾರ ಅವರ ಎಡಗೆನ್ನೆಯ ಮೇಲೆ ಉದ್ದಕ್ಕೆ ಕೊಯ್ದ ಗಾಯ. ರಕ್ತ ಕತ್ತಿನ ತನಕ ಇಳಿದು ಒಣಗಿತ್ತು. "ಸಾರ್, ಇದೇನು?" ಎಂದು ಅಂತೋಣಿ ಅಣ್ಣ ಗಾಬರಿಯಾದ. ಅವರು ಕೈಯಿಂದ ಮುಟ್ಟಿಕೊಂಡು, ಬೆರಳಿಗೆ ಹತ್ತಿದ ರಕ್ತದ ಪುಡಿ ನೋಡಿ ನಮಗಿಂತ ಹೆಚ್ಚು ಆಶ್ಚರ್ಯಪಟ್ಟರು. ಬೆಳಿಗ್ಗೆ ಗಡ್ಡ ಹೆರೆಯುವಾಗ ಕೊಯ್ದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಇನ್ನೊಂದು ಭಾನುವಾರ ಕಾಫಿ ತುಟಿಯ ಎಡಕೊನೆಯಿಂದ ಸೋರಿ ಅಂಗಿಯ ಮೇಲೆ ಬಿತ್ತು. ನಡುಮನೆಯಿಂದ ಹಿತ್ತಲಿಗೆ ಹೋಗುವಾಗ ಗೋಡೆ ಸವರಿಕೊಂಡು ಹೋಗುತ್ತಿದ್ದರು. ಆ ಎತ್ತರದಲ್ಲಿ ಸುಣ್ಣದ ಗೋಡೆಯ ಮೇಲೆ ಬೆರಳಿನ ಕಂದು ಗೆರೆಯೊಂದು ಮೂಡಿತ್ತು. ವಾರ ವಾರಕ್ಕೂ ಅದು ದಟ್ಟವಾಗುತ್ತಿತ್ತು. ಅಷ್ಟಾದರೂ ಸ್ಕೂಟರಿನಲ್ಲೇ ಕಾರ್ಖಾನೆಗೆ ಹೋಗುತ್ತಿದ್ದರು, ಜಯಮ್ಮನವರನ್ನು ಹಿಂದೆ ಕೂರಿಸಿಕೊಂಡು ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಸ್ವಿಚ್‌ಬೋರ್ಡಿನ ಮುಂದೆ ಕೂತ ನನಗೆ ರಾಜಾಜಿನಗರದ ನಂಬರಿನಿಂದ ಯಾವುದಾದರೂ ಕರೆ ಬಂದರೆ ಅಪಘಾತದ ಸುದ್ದಿಯೇನೋ ಎಂದು ಕಿವಿಗೊಡುತ್ತಿದ್ದೆ.

ಗೌರಿಹಬ್ಬ ಕಳೆದ ವಾರ ಜಯಮ್ಮನವರು ನನ್ನನ್ನು ಅಡುಗೆಮನೆಗೆ ಕರೆದರು. ಬಾಗಿಲು ಅರ್ಧ ಮುಂದಕ್ಕೆ ತಳ್ಳಿದರು.

"ಸರೋಜಾ, ಇವ್ರು ಒಂಥರಾ ಆಗವ್ರೆ ಕಣವ್ವ. ಕರೆದ್ರೆ ಓಗೊಡಲ್ಲ. ಮಲಗಿದ್ರೆ ಎದ್ದು ಕೂತ್ಕೋತಾರೆ. ನಿಮ್ ಹತ್ರ ಆದ್ರೆ ನಗ್ನಗ್ತಾ ಮಾತಾಡ್ತಾರೆ. ನಿಂಗೇನಾದ್ರೂ ಗೊತ್ತಾ?"

ಒಲೆಯ ಮೇಲೆ ಹಾಲು ಉಕ್ಕಲು ಬಂದಿತ್ತು. ನಾನು ಅದನ್ನೇ ನೋಡುತ್ತಾ, "ಇಲ್ಲ ಆಂಟಿ. ಕೆಲಸದ ಟೆನ್ಷನ್ ಇರ್ಬೇಕು," ಎಂದೆ.

"ಹಂಗಂತೀಯಾ?" ಎಂದರು. ಅವರ ಮುಖ ಸ್ವಲ್ಪ ಹಗುರಾದಂತೆ ಕಂಡಿತು. ನಾನು ಹಾಲಿನ ಪಾತ್ರೆ ಇಳಿಸಿ ಹೊರಗೆ ಬಂದೆ.

ದಸರೆಯ ನಂತರ ರಾಜಾಜಿನಗರದಲ್ಲಿ ಭಾನುವಾರ ಮಧ್ಯಾಹ್ನ ಕರೆಂಟು ಇರದಂತಾಯಿತು. ಅಂತೋಣಿ ಅಣ್ಣನ ಮನೆಯಲ್ಲಿ ಒಂದು ಪುಟ್ಟ ಪ್ಲೇಯರ್ ಇತ್ತು, ಪೆಟ್ಟಿಗೆಯೊಳಗೇ ಒಂದೇ ಸ್ಪೀಕರು. "ಬಿನ್ನಿಪೇಟೇಲಿ ಮಧ್ಯಾಹ್ನ ಕರೆಂಟಿರುತ್ತೆ ಸಾರ್, ಬನ್ನಿ," ಎಂದ. ಸಾರ್ ಮಗುವಿನ ಹಾಗೆ ಖುಷಿಪಟ್ಟರು. ಒಂದೇ ಸ್ಪೀಕರಾದರೆ ಎಲ್ಲ ವಾದ್ಯವೂ ಒಂದೇ ಕಡೆಯಿಂದ ಬರುತ್ತದೆ, ಬಲಗಿವಿ ಕೊಟ್ಟು ಕೂತರೆ ಸಾಕು. ಆ ಖುಷಿಯ ಕಾರಣ ನನಗೊಬ್ಬಳಿಗೇ ಗೊತ್ತಿತ್ತು. ಜೊತೆಗೆ ಇನ್ನೊಂದು ಸಮಾಧಾನ, ಅವತ್ತು ಅವರು ಸ್ಕೂಟರ್ ಬಿಟ್ಟು ನಮ್ಮ ಜೊತೆ ಬಸ್ಸಿನಲ್ಲಿ ಬಂದರು.

ಮಾಗಡಿ ರಸ್ತೆಯಲ್ಲಿ ಇಳಿದೆವು. ಅಲ್ಲಿಂದ ರೈಲು ಹಳಿ ದಾಟಿದರೆ ಗಿರಣಿಯವರ ಮನೆಗಳಿಗೆ ಹತ್ತಿರದ ದಾರಿ. ಗೇಟಿಲ್ಲ, ಜನ ನಡೆದು ನಡೆದು ಸವೆದ ಕಾಲುದಾರಿ. ಮಧ್ಯಾಹ್ನ ಮೂರೂವರೆ. ಬಿಸಿಲಿತ್ತು, ಆದರೂ ಮೋಡದ ನೆರಳು ಆಗಾಗ ಹಳಿಯ ಮೇಲೆ ಹಾದು ಹೋಗುತ್ತಿತ್ತು. ಎಡಗಡೆ ಹಳಿ ತಿರುವಿನಲ್ಲಿ ಒಂದು ಗೋಡೆಯ ಹಿಂದೆ ಮರೆಯಾಗುತ್ತಿತ್ತು. ಅಂತೋಣಿ ಅಣ್ಣ ಮುಂದೆ ದಾಟಿ ಆ ಬದಿಯಲ್ಲಿ ಬೀಡಿ ಹಚ್ಚುತ್ತಿದ್ದ. ನನ್ನ ಚಪ್ಪಲಿಗೆ ಕಲ್ಲು ಸಿಕ್ಕಿಕೊಂಡು ನಾನು ಹಿಂದೆ ನಿಂತೆ. ಸಾರ್ ರೆಕಾರ್ಡುಗಳ ಚೀಲವನ್ನು ಎದೆಗವಚಿಕೊಂಡು ಮಧ್ಯದಲ್ಲಿದ್ದರು.

ರೈಲು ಕೂಗಿತು. ಎಡಗಡೆಯಿಂದ.

ಸಾರ್ ಬಲಗಡೆ ನೋಡಿದರು. ಹಳಿ ಖಾಲಿಯಾಗಿತ್ತು. ಅವರು ಹೆಜ್ಜೆ ಮುಂದಿಟ್ಟರು. ಒಂದು ಕಿವಿ ಹೋದವರಿಗೆ ಜಗತ್ತಿನ ಎಲ್ಲ ಸದ್ದೂ ಉಳಿದ ಕಿವಿಯ ಕಡೆಯಿಂದಲೇ ಬಂದಂತಾಗುತ್ತದೆ. ಅದು ನನಗೆ ತಿಳಿದಿತ್ತು. ಕಣ್ಣೆದುರು ನೋಡಿದ್ದು ಆವತ್ತೇ.

"ಸಾರ್! ಎಡಗಡೆ! ಸಾರ್!" ಎಂದು ಕಿರುಚಿದೆ. ನಾನು ಹಿಂದಿನಿಂದ ಕೂಗಿದ್ದೂ ಅವರಿಗೆ ಬಲಗಡೆಯಿಂದಲೇ ಕೇಳಿಸಿರಬೇಕು. ಹಳಿಗಳ ನಡುವೆ ನಿಂತುಕೊಂಡು ಮತ್ತೆ ಬಲಕ್ಕೇ ತಿರುಗಿ, ಎಲ್ಲಿ ಎನ್ನುವ ಹಾಗೆ ನನ್ನನ್ನು ಹುಡುಕಿದರು. ತಿರುವಿನಲ್ಲಿ ಎಂಜಿನ್ನಿನ ಮುಖ ಕಾಣಿಸಿತು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಅಂತೋಣಿ ಅಣ್ಣ ಬೀಡಿ ಎಸೆದು, ಮುಂದೆ ಹಾರಿ, ಅವರ ಅಂಗಿಯ ಎದೆಭಾಗ ಹಿಡಿದು ಎಳೆದ. ಇಬ್ಬರೂ ಜಲ್ಲಿಯ ಮೇಲೆ ಬಿದ್ದರು. ಆಮೇಲೆ ರೈಲು ನನ್ನ ಮತ್ತು ಅವರ ನಡುವೆ ಹಾಯಿತು. ಡಬ್ಬಿಗಳು ಎಷ್ಟಿದ್ದವೋ, ಮುಗಿಯಲೇ ಇಲ್ಲ. ಆ ಕಡೆ ಅವರು ಬದುಕಿದ್ದಾರೋ ಇಲ್ಲವೋ ಎಂದು ತಿಳಿಯದೆ ನಾನು ನಿಂತಿದ್ದ ಆ ಹೊತ್ತನ್ನು ಯಾವ ಗಡಿಯಾರವೂ ಅಳೆಯಲಾರದು.

ರೈಲು ಹೋದ ಮೇಲೆ ಸಾರ್ ಕೂತಿದ್ದರು. ಮೊಣಕೈ ತರಚಿತ್ತು. ಚೀಲ ಹಳಿಯ ಮೇಲೆ ಬಿದ್ದು ಆರು ರೆಕಾರ್ಡು ಚೂರಾಗಿದ್ದವು. ಅವರು ಅದನ್ನು ನೋಡುತ್ತಿರಲಿಲ್ಲ. ಎಡಗಡೆಯ ತಿರುವನ್ನೇ ನೋಡುತ್ತಾ, "ಅಲ್ಲಿಂದ ಬಂತಾ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. "ಅಂತೋಣಿ, ಅದು ಅಲ್ಲಿಂದ ಬಂತಾ?"

ಆಟೋದಲ್ಲಿ ಅವರನ್ನು ಮನೆಗೆ ಕರೆತಂದೆವು. ಜಯಮ್ಮನವರು ಬಾಗಿಲಲ್ಲೇ ಎದೆ ಹಿಡಿದುಕೊಂಡರು. ಅಂತೋಣಿ ಅಣ್ಣ ನಡೆದದ್ದು ಹೇಳಿದ. ನಾನು ಆಗ ಬಾಯಿ ಬಿಟ್ಟೆ. "ಸಾರ್‌ಗೆ ಎಡಗಿವಿ ಕೇಳಲ್ಲ ಆಂಟಿ. ನಾಳೆನೇ ಡಾಕ್ಟರ್ ಹತ್ರ ಹೋಗ್ಬೇಕು. ಕಿವಿದಲ್ಲ, ತಲೇದು ಇರ್ಬಹುದು." ಎಂದಿನಿಂದ ಗೊತ್ತು ಎಂದು ಹೇಳಲಿಲ್ಲ. ಅವರು ಕೇಳಲೂ ಇಲ್ಲ.

ಕಿವಿ ಡಾಕ್ಟರು ದೊಡ್ಡಾಸ್ಪತ್ರೆಗೆ ಕಳಿಸಿದರು. ಸ್ಕ್ಯಾನ್ ಆಯಿತು. ಕಿವಿಯಿಂದ ಮೆದುಳಿಗೆ ಹೋಗುವ ನರದ ಮೇಲೆ ಗೆಡ್ಡೆ, ಬೆಟ್ಟದ ನೆಲ್ಲಿಕಾಯಿ ಗಾತ್ರದ್ದು. ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟರೆ ಉಳಿಯುವುದಿಲ್ಲ. "ಕೆಲವು ತಿಂಗಳು ಮುಂಚೆ ಬಂದಿದ್ರೆ ಚಿಕ್ಕದಿರ್ತಿತ್ತು," ಎಂದರಂತೆ ಡಾಕ್ಟರು. ಈಗ ತೆಗೆದರೆ ಎಡಗಿವಿ ಪೂರ್ತಿ ಹೋಗುತ್ತದೆ, ಮುಖದ ನರಕ್ಕೂ ಪೆಟ್ಟಾಗಬಹುದು, ಜೀವಕ್ಕೂ ಭರವಸೆ ಕೊಡಲಾರೆವು. ಇದನ್ನು ನನಗೆ ಹೇಳಿದ್ದು ಸಾರ್ ಅವರೇ, ಪಕ್ಕದ ಮನೆಯವರ ವಿಷಯ ಹೇಳುವ ಹಾಗೆ.

ಮಾರನೆಯ ದಿನ ಊಟದ ಬಿಡುವಿನಲ್ಲಿ ನಾನು ಗೋಪಿಯ ಬ್ಯಾಂಕಿಗೆ ಹೋದೆ. ಕೌಂಟರಿನಾಚೆಯಿಂದ ಎಲ್ಲ ಕೇಳಿಸಿಕೊಂಡ. ಅವನ ಕಣ್ಣು ತುಂಬಿತು. ಆಮೇಲೆ ಕೇಳಿದ:

"ಆವತ್ತು ನಿಮಗೆ ಸ್ಯಾಕ್ಸೊಫೋನ್ ಕೇಳಿಸ್ತಿತ್ತಲ್ವಾ?"

"ಕೇಳಿಸ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ ಸರೋಜಾ?"

ನಾನು ಕೌಂಟರಿನ ಮೇಲಿದ್ದ ಚಲನ್ ಒಂದನ್ನು ಮಡಿಸುತ್ತಾ ನಿಂತೆ. ಅವನು ಪೆನ್ನಿನ ಮುಚ್ಚಳ ಹಾಕಿ, "ಭಾನುವಾರ ಬರ್ತೀನಿ," ಎಂದ.

ಆಪರೇಷನ್ನಿಗೆ ಮುಂಚಿನ ಆ ಭಾನುವಾರ ನಾಲ್ಕು ಜನರೂ ಸೇರಿದೆವು. ಕರೆಂಟು ಇರುವ ಹೊತ್ತು ನೋಡಿಕೊಂಡು ಬೆಳಿಗ್ಗೆಯೇ. ಗೋಪಿ ಬಂದು ಬಾಗಿಲಲ್ಲಿ ನಿಂತ. ಸಾರ್ ಎದ್ದು ಗೋಡೆ ಹಿಡಿದುಕೊಂಡು ಅವನ ತನಕ ಹೋಗಿ ಭುಜದ ಮೇಲೆ ಕೈ ಇಟ್ಟರು.

"ರೆಕಾರ್ಡು ಚೆನ್ನಾಗೇ ಇದೆ ಕಣೋ ಗೋಪಿ."

"ಇರ್ಲಿ ಬಿಡಿ ಸಾರ್," ಎಂದ ಅವನು. ಅವರ ಕೈ ಹಿಡಿದು ಒಳಗೆ ಕರೆತಂದ.

ಹಸಿರು ಕವರು ಹಳಿಯ ಮೇಲೆ ಹೋಗಿರಲಿಲ್ಲ, ಮನೆಯಲ್ಲೇ ಉಳಿದಿತ್ತು. ಅದನ್ನೇ ಹಾಕಿದರು. ಕುರ್ಚಿಯನ್ನು ಎಡ ಸ್ಪೀಕರಿನ ಮುಂದೆ ಎಳೆದುಕೊಂಡು, ಅದಕ್ಕೆ ಬಲಗಿವಿ ಒಡ್ಡಿ, ನಮಗೆ ಬೆನ್ನು ಮಾಡಿ ಕೂತರು. ಸ್ಯಾಕ್ಸೊಫೋನು ಶುರುವಾದಾಗ ಅವರ ತಲೆ ನಿಧಾನ ಆಡತೊಡಗಿತು. "ಸಿಕ್ತು," ಎಂದರು. ಒಂದು ಬದಿ ಮುಗಿಯುವ ತನಕ ಯಾರೂ ಅಲುಗಾಡಲಿಲ್ಲ. ಎರಡನೇ ಬದಿಗೆ ತಿರುಗಿಸಿ ಹಾಕಿದ ಸ್ವಲ್ಪ ಹೊತ್ತಿಗೇ ಕರೆಂಟು ಹೋಯಿತು. ಹಾಡು ಎಳೆದು, ಇಳಿದು, ಗೊರಗುಟ್ಟಿ ನಿಂತಿತು. ನನಗೆ ಎದ್ದು ಓಡಿಹೋಗಬೇಕೆನಿಸಿತು. ಅಂತೋಣಿ ಅಣ್ಣ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಸಾರ್ ಮಾತ್ರ ಇನ್ನೂ ಕೇಳುತ್ತಿರುವವರಂತೆ ಸ್ಪೀಕರಿಗೆ ಕಿವಿಯಿಟ್ಟೇ ಕೂತಿದ್ದರು.

ಅವರು ಬದುಕಿ ಬಂದರು. ಇಪ್ಪತ್ತೆರಡು ದಿನ ಆಸ್ಪತ್ರೆಯಲ್ಲಿದ್ದರು. ಮನೆಗೆ ಬಂದಾಗ ಮುಖದ ಎಡಭಾಗ ಕೆಳಗೆ ಜಾರಿತ್ತು. ಎಡಗಣ್ಣು ಮುಚ್ಚುತ್ತಿರಲಿಲ್ಲ, ಅದಕ್ಕೆ ಪಟ್ಟಿ. ಕಾರ್ಖಾನೆಯವರು ಬೇಗ ನಿವೃತ್ತಿ ಕೊಟ್ಟು ಕಳಿಸಿದರು. ನಾನು ಹಾಸಿಗೆಯ ಬಲಪಕ್ಕಕ್ಕೆ ಹೋಗಿ ಕೂತು, "ಆ ಗುಂಯ್ ಅನ್ನೋ ಸದ್ದು ನಿಂತೋಯ್ತಾ ಸಾರ್?" ಎಂದು ಕೇಳಿದೆ.

"ಇಲ್ಲಮ್ಮ," ಎಂದರು. ಮಾತು ಒಂದೇ ಬದಿಯಿಂದ ಹೊರಳಿ ಬರುತ್ತಿತ್ತು. "ಕಿವಿ ಹೋಯ್ತು. ಅದು ಹೋಗ್ಲಿಲ್ಲ. ಈಗ ಇನ್ನೂ ಚೆನ್ನಾಗಿ ಕೇಳುತ್ತೆ."

ಸಂಗೀತ ಹಾಕಿದರೆ ಆ ಸದ್ದು ಜಗಳಕ್ಕೆ ನಿಲ್ಲುತ್ತದೆ ಎಂದು ಅವರು ಮತ್ತೆ ಪ್ಲೇಯರ್ ಮುಟ್ಟಲಿಲ್ಲ. ಉಳಿದ ಇಪ್ಪತ್ತಾರು ರೆಕಾರ್ಡನ್ನೂ ಅಂತೋಣಿ ಅಣ್ಣನಿಗೆ ಕೊಟ್ಟುಬಿಟ್ಟರು. ನಡುಮನೆಯ ಜಮಖಾನೆ ಎತ್ತಿ ಅಲ್ಲಿ ಮಂಚ ಹಾಕಿದರು. ಆಮೇಲೆ ಬಹಳ ವರ್ಷ ಬದುಕಿದ್ದರು. ಮನೆಯಿಂದ ಹೊರಗೆ ಬಂದದ್ದು ಕಡಿಮೆ.

ಆಪರೇಷನ್ನಾದ ಮುಂದಿನ ಜನವರಿಯಲ್ಲಿ ಸಂಕ್ರಾಂತಿಯ ಎಳ್ಳುಬೆಲ್ಲ ಕೊಡಲು ಹೋಗಿದ್ದೆ. ಸಾರ್ ಒಳಗೆ ಮಲಗಿದ್ದರು. ಜಯಮ್ಮನವರು ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಎದುರು ಕೂತು ಕೈ ಹಾಕಿದೆ. ಸಂಪಿಗೆ ಗಿಡದ ನೆರಳು ಅವರ ಮಡಿಲಲ್ಲಿ ಅಲ್ಲಾಡುತ್ತಿತ್ತು.

"ಸರೋಜಾ, ಗೌರಿಹಬ್ಬದ್ ವಾರ ಅಡ್ಗೆಮನೇಲಿ ನಿನ್ನ ಕೇಳಿದ್ನಲ್ಲ, ಅವತ್ತು ನಿಂಗೆ ಗೊತ್ತಿತ್ತಾ?"

ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. "ಗೊತ್ತಿತ್ತು ಆಂಟಿ. ಆಷಾಢದಿಂದ ಗೊತ್ತಿತ್ತು."

ಅವರು ತಲೆಯೆತ್ತಲಿಲ್ಲ. ಒಂದು ಕಾಯಿ ಬಿಡಿಸಿದರು. ಹುಳ ಇತ್ತು, ಪಕ್ಕಕ್ಕೆಸೆದರು. ನಾನು ಬೈಗುಳಕ್ಕೆ ಕಾದೆ. ಎದ್ದು ಹೋಗು ಅಂದರೆ ಹೋಗಲು ಸೀರೆಯ ಸೆರಗು ಕೂಡ ಸರಿಮಾಡಿಕೊಂಡೆ.

"ನಂಗೂ ಗೊತ್ತಿತ್ತು ಕಣವ್ವ," ಎಂದರು. "ಹೆಸರು ಗೊತ್ತಿರ್ಲಿಲ್ಲ, ಅಷ್ಟೇ. ಇವ್ರು ಮಲಗಿದ್ದಾಗ ಎಡಗಡೆ ಕೂತು ಮೆಲ್ಲಗೆ ಕೂಗಿ ನೋಡ್ತಿದ್ದೆ. ದಿನಾ. ನೀನು ಇಲ್ಲ ಅನ್ನಲಿ ಅಂತಲೇ ನಿನ್ನ ಕೇಳಿದ್ದು. ನೀನು ಅಂದೆ. ನಾನು ನಂಬಿದೆ."

ಮೊರದಲ್ಲಿ ಇನ್ನೂ ಅರ್ಧದಷ್ಟು ಕಾಯಿ ಉಳಿದಿತ್ತು. ಇಬ್ಬರೂ ತಲೆ ತಗ್ಗಿಸಿ ಸುಲಿದು ಮುಗಿಸಿದೆವು. ಆಮೇಲೆ ಅವರು ಕ್ಯಾಲೆಂಡರ್ ಹಾಳೆ ಹರಿದು, ನಮ್ಮಮ್ಮನಿಗೆಂದು ಎರಡು ಹಿಡಿ ಕಾಳು ಕಟ್ಟಿ ನನ್ನ ಕೈಗೆ ಕೊಟ್ಟರು.